ಜಕ್ಕಾಯ ಮರ ಇಳಿದ ಮೇಲೆ ಏನಾಯಿತು? ಹಾಡು ಮತ್ತು ಕೈಕೆಲಸದಲ್ಲಿ ಮಕ್ಕಳಿಗೆ ಬೈಬಲ್ ಕಥೆ

ಸಂಡೇ ಸ್ಕೂಲಿಗೆ ಹೋಗುವ ಐದಾರು ವರ್ಷದ ಮಗುವನ್ನು ಜಕ್ಕಾಯ ಯಾರು ಅಂತ ಕೇಳಿ ನೋಡಿ. "ಕುಳ್ಳ!" ಅನ್ನುತ್ತದೆ. ಏನು ಮಾಡಿದ? "ಮರ ಹತ್ತಿದ!" ಎರಡೂ ಸರಿ. ಆಮೇಲೆ? ಇಲ್ಲಿ ಮಗು ಸುಮ್ಮನಾಗುತ್ತದೆ. ಇಲ್ಲವೇ ಇನ್ನೊಂದು ಸಲ ಮರ ಹತ್ತಿ ತೋರಿಸುತ್ತದೆ.

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸುವನ್ನು ನೋಡಲು ಅವನು ಮರ ಹತ್ತುವುದು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕಥೆ ಶುರುವಾಗುವುದೇ ಅವನು ಇಳಿದ ಮೇಲೆ. ಜಕ್ಕಾಯ ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಊರವರಿಗೆ ಬೇಡವಾದವನು. ಯೇಸು ಅವನ ಮನೆಗೇ ಹೋಗಿ ಉಳಿಯುತ್ತಾರೆ. ಜನ ಗೊಣಗುತ್ತಾರೆ. ಆಗ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ಯಾರ ಹತ್ತಿರವಾದರೂ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನೆ.

ಇದು ಮಗುವಿಗೆ ಯಾಕೆ ನೆನಪಿಲ್ಲ? ನಾವು ಹಾಡಿಸಿದ್ದು ಮರದ ಹಾಡು. ಕೈಯಲ್ಲಿ ಮಾಡಿಸಿದ್ದೂ ಮರವೇ. ಹಸಿರು ಕಾಗದದ ಎಲೆ, ಕಂದು ಕಾಗದದ ಕಾಂಡ, ನಡುವೆ ಇಣುಕುವ ಒಂದು ಮುಖ. ನಾಲ್ಕರಷ್ಟು ವಾಪಸ್ ಕೊಟ್ಟ ಮಾತನ್ನು ಟೀಚರ್ ಬಾಯಲ್ಲಿ ಹೇಳಿದರು, ಅಷ್ಟೇ. ಬಾಯಲ್ಲಿ ಹೇಳಿದ್ದು ಹೋಯಿತು. ಹಾಡಿದ್ದು, ಅಂಟಿಸಿದ್ದು ಉಳಿಯಿತು.

ಹಾಡು, ಕೈಕೆಲಸ ಅಂದರೆ ಮಕ್ಕಳನ್ನು ಗಲಾಟೆ ಮಾಡದಂತೆ ಕೂರಿಸುವ ಉಪಾಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಪಾಠ ಬೇರೆ, ಅದರ ಮೇಲಿನ ಮೋಜು ಬೇರೆ ಅಂತ ಅವರ ಲೆಕ್ಕ. ನನ್ನ ಪ್ರಕಾರ ಚಿಕ್ಕ ಮಕ್ಕಳ ಮಟ್ಟಿಗೆ ಈ ಲೆಕ್ಕವೇ ತಲೆಕೆಳಗು. ಮೂರರಿಂದ ಏಳು ವರ್ಷದ ಮಗುವಿಗೆ ಬಾಯಿ ಹಾಡಿದ್ದೇ ಕಥೆ, ಕೈ ಮಾಡಿದ್ದೇ ಕಥೆ. ಯಾವ ಹಾಡು, ಯಾವ ಕೈಕೆಲಸ ಅಂತ ಆರಿಸುವಾಗಲೇ ಕಥೆಯ ಯಾವ ತುಂಡು ಮಗುವಿನಲ್ಲಿ ಉಳಿಯುತ್ತದೆ ಅನ್ನುವುದೂ ತೀರ್ಮಾನವಾಗಿಬಿಡುತ್ತದೆ. ಶನಿವಾರ ರಾತ್ರಿ ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನು ಭಾನುವಾರ ಬೆಳಿಗ್ಗೆ ಮಾಡಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇದೇನು ಹೊಸ ವಿಷಯ ಅಲ್ಲ

ಬೈಬಲಿನ ಒಳಗೇ ಈ ಪದ್ಧತಿ ಇದೆ. ಯೆಹೋಶುವನ ಪುಸ್ತಕದ 4ನೇ ಅಧ್ಯಾಯ ನೋಡಿ. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟುತ್ತಾರೆ. ಕುಲಕ್ಕೊಬ್ಬರಂತೆ ಹನ್ನೆರಡು ಜನ ಹೊಳೆಯ ನಡುವಿನಿಂದ ಒಂದೊಂದು ಕಲ್ಲು ಹೆಗಲ ಮೇಲೆ ಹೊತ್ತು ತಂದು ದಡದಲ್ಲಿ ಇಡುತ್ತಾರೆ. ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಯಾಕೆ ಇಲ್ಲಿವೆ?" ಅಂತ ಕೇಳಲಿ, ಆಗ ದೊಡ್ಡವರು ಕಥೆ ಹೇಳಲಿ ಅಂತ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ್ದೂ ಇದೇ ಏರ್ಪಾಡು. ಮನೆಯಲ್ಲಿ ಅವತ್ತು ಮಾಡುವುದೆಲ್ಲ ಬೇರೆ ಥರ ಇರುತ್ತದೆ, ಮಗು ಯಾಕೆ ಅಂತ ಕೇಳುತ್ತದೆ, ಕಥೆ ಹೊರಬರುತ್ತದೆ. ಮೊದಲು ವಸ್ತು, ಆಮೇಲೆ ಪ್ರಶ್ನೆ, ಕೊನೆಗೆ ಕಥೆ. ನಾವು ತರಗತಿಯಲ್ಲಿ ಇದನ್ನು ಉಲ್ಟಾ ಮಾಡುತ್ತೇವೆ, ಅಲ್ವಾ?

ಹಾಡಿನದೂ ಅಷ್ಟೇ. ಅದೇ ಬಿಡುಗಡೆಯಲ್ಲಿ ಸಮುದ್ರ ದಾಟಿದ ಮೇಲೆ, ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಹಿಡಿದು ಹಾಡುತ್ತಾಳೆ, ಹೆಂಗಸರೆಲ್ಲ ಅವಳ ಹಿಂದೆ ಕುಣಿಯುತ್ತಾ ಬರುತ್ತಾರೆ. 119ನೇ ಕೀರ್ತನೆಯಲ್ಲಿ 176 ವಾಕ್ಯಗಳಿವೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳು, ಒಂದೊಂದು ಅಕ್ಷರದಿಂದ ಶುರುವಾಗುವ ಎಂಟೆಂಟು ವಾಕ್ಯಗಳು. ಬಾಯಿಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆ ಆಸರೆ ಬೇಕಾ?

ನಮ್ಮ ಕಡೆಯ ಉದಾಹರಣೆಗಳೂ ಇವೆ. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕ್ರಿಸ್ತಪುರಾಣ 1616ರಲ್ಲಿ ಅಚ್ಚಾಯಿತು. ಕೊಂಕಣಿ ಬೆರೆತ ಮರಾಠಿ, ಓವಿ ಅನ್ನುವ ಮರಾಠಿ ಪದ್ಯದ ಧಾಟಿ, ಹತ್ತು ಸಾವಿರಕ್ಕೂ ಹೆಚ್ಚು ಪದ್ಯ. ಮೊದಲ ಮುದ್ರಣದ ಪ್ರತಿ ಒಂದೂ ಉಳಿದಿಲ್ಲ. ಆದರೆ ಕರಾವಳಿಯ ಮನೆಗಳಲ್ಲಿ ಅದನ್ನು ಕೈಯಲ್ಲಿ ಬರೆದಿಟ್ಟುಕೊಂಡಿದ್ದರು. ಅಂಥ ಪ್ರತಿಗಳ ಆಧಾರದ ಮೇಲೆ 1907ರಲ್ಲಿ ಮಂಗಳೂರಿನಲ್ಲಿ ಅದು ಮತ್ತೆ ಅಚ್ಚಾಯಿತು. ಹಾಡಲು ಬರುವಂತೆ ಬರೆದದ್ದು ಹೇಗೆ ಬದುಕುತ್ತದೆ ನೋಡಿ. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಅಂದರೆ ನಮಗೆ 1894ರ ನಿಘಂಟು ನೆನಪಾಗುತ್ತದೆ. ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಅವರು ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ ಬರೆದಿದ್ದರು. ಹೆಸರು ಕಥಾಮಾಲೆ. ಪರದೇಶದಿಂದ ಬಂದವರಿಗೂ ಕಥೆ ಇಲ್ಲಿನ ಧಾಟಿಯಲ್ಲೇ ಹೋಗಬೇಕು ಅಂತ ಗೊತ್ತಾಗಿತ್ತು.

ಸಂಡೇ ಸ್ಕೂಲ್ ಅನ್ನುವ ಏರ್ಪಾಡು ಬಂದದ್ದು ಇಂಗ್ಲೆಂಡಿನ ಗ್ಲಾಸ್ಟರ್ ಊರಿನಿಂದ. 1780ರಲ್ಲಿ ರಾಬರ್ಟ್ ರೇಕ್ಸ್ ಅನ್ನುವ ಪತ್ರಿಕೆಯವರು, ವಾರದ ಆರು ದಿನ ದುಡಿಯುತ್ತಿದ್ದ ಮಕ್ಕಳಿಗೆ ಭಾನುವಾರ ಓದು ಕಲಿಸಲು ಅದನ್ನು ನಡೆಸಿದರು. ಬೇಸಿಗೆ ರಜೆಯ ವಿ.ಬಿ.ಎಸ್. (ವೆಕೇಷನ್ ಬೈಬಲ್ ಸ್ಕೂಲ್) ಬೇರು ನ್ಯೂಯಾರ್ಕಿನಲ್ಲಿದೆ. 1898ರಲ್ಲಿ ಎಲೈಜಾ ಹಾಸ್ ಅನ್ನುವ ಹೆಂಗಸು ಒಂದು ಬಿಯರ್ ಹಾಲನ್ನು ಬಾಡಿಗೆಗೆ ಹಿಡಿದು ಬಡ ಮಕ್ಕಳಿಗೆ ಕಥೆ, ಹಾಡು, ಕೈಕೆಲಸ ಶುರುಮಾಡಿದರು. ಇವತ್ತು ಏಪ್ರಿಲ್, ಮೇ ಬಂದರೆ ನಮ್ಮ ಸಭೆಗಳ ಅಂಗಳದಲ್ಲಿ ಕೇಳಿಬರುವ ಗಲಾಟೆಗೆ ಬಿಯರ್ ಹಾಲಿನ ಹಿನ್ನೆಲೆ ಇದೆ ಅಂತ ಸಭಾಪಾಲಕರಿಗೆ ಹೇಳಿ ನೋಡಿ, ನಗುತ್ತಾರೆ.

ಹಾಡು: ಧಾಟಿ ಮುಂದಿನ ಮಾತನ್ನು ಎಳೆದು ತರಬೇಕು

ಹಾಡಿನಲ್ಲಿ ಕಲಿತದ್ದು ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ಕಾರಣ ಸರಳ. ಧಾಟಿಗೆ ಒಂದು ಅಳತೆ ಇದೆ. ಆ ಅಳತೆಗೆ ಕೂರುವ ಮಾತು ಮಾತ್ರ ಮುಂದೆ ಬರಬಲ್ಲದು. ಪ್ರಾಸ ಇದ್ದರೆ ಇನ್ನೂ ಸುಲಭ. ಮಗು ಮರೆತರೂ ಧಾಟಿ ನೆನಪಿಸುತ್ತದೆ. ಜೊತೆಗೆ ಕೈಕಾಲು ಆಡಿದರೆ ಇನ್ನೂ ಗಟ್ಟಿ. ಬರೀ ಕೇಳಿದ ಮಾತಿಗಿಂತ ಮಾಡಿ ನೋಡಿದ ಮಾತು ಜಾಸ್ತಿ ನೆನಪಿರುತ್ತದೆ ಅಂತ ಮನಶ್ಶಾಸ್ತ್ರದವರು 1980ರ ದಶಕದಿಂದ ಮತ್ತೆ ಮತ್ತೆ ಪರೀಕ್ಷೆ ಮಾಡಿ ತೋರಿಸಿದ್ದಾರೆ.

ಇಲ್ಲೊಂದು ಎಚ್ಚರ ಬೇಕು. ಹಾಡು ನೆನಪಿದೆ ಅಂದರೆ ಅರ್ಥ ಆಗಿದೆ ಅಂತಲ್ಲ. ಮಕ್ಕಳು ಅರ್ಥ ಗೊತ್ತಿಲ್ಲದೆ ಎಷ್ಟು ಉದ್ದದ ಹಾಡನ್ನು ಬೇಕಾದರೂ ಒಪ್ಪಿಸುತ್ತಾರೆ. ಆಕ್ಷನ್ ಸಾಂಗ್ ಅಂತ ನಾವು ಕರೆಯುವುದರಲ್ಲಿ ಅರ್ಧ ಬರೀ ಕೈ ಬೀಸುವುದು. "ದೇವರು ದೊಡ್ಡವರು" ಅಂದಾಗ ಕೈ ಅಗಲ ಮಾಡುವುದು ಸರಿಯೇ. ಆದರೆ ಆ ಹಾಡಿನಲ್ಲಿ ಯಾರೂ ಏನೂ ಮಾಡುವುದಿಲ್ಲ. ಕಥೆಯ ಹಾಡು ಬೇಕೆಂದರೆ ಅದರಲ್ಲಿ ಯಾರೋ ಏನೋ ಮಾಡಬೇಕು. ಆ ಕೆಲಸವನ್ನೇ ಮಕ್ಕಳ ಕೈ ಮಾಡಬೇಕು.

ಜಕ್ಕಾಯನ ಕಥೆಗೆ ಮರದ ಹಾಡಿನ ಬದಲು ಇಂಥದ್ದನ್ನು ಹಾಡಿಸಬಹುದು:

ಒಂದು ರೊಟ್ಟಿ ಕಿತ್ತುಕೊಂಡೆ, ನಾಲ್ಕು ರೊಟ್ಟಿ ತಗೋ ತಗೋ
ಒಂದು ಕೋಳಿ ಕಿತ್ತುಕೊಂಡೆ, ನಾಲ್ಕು ಕೋಳಿ ತಗೋ ತಗೋ

ಅಷ್ಟೇ ಹಾಡು. ಮೊದಲರ್ಧ ಟೀಚರ್ ಹಾಡಬೇಕು, ಎರಡನೇ ಅರ್ಧ ಮಕ್ಕಳು. "ಕಿತ್ತುಕೊಂಡೆ" ಅಂದಾಗ ಕೈ ಒಳಗೆಳೆದು ಮುಷ್ಟಿ ಬಿಗಿಯಬೇಕು. "ತಗೋ ತಗೋ" ಅಂದಾಗ ಪಕ್ಕದ ಮಗುವಿನ ಕಡೆ ಎರಡೂ ಕೈ ಚಾಚಬೇಕು. ಮುಂದಿನ ಸಾಲು ಮಕ್ಕಳದ್ದೇ. ಒಬ್ಬ ಚೆಂಡು ಅನ್ನುತ್ತಾನೆ, ಒಬ್ಬಳು ಬಳೆ ಅನ್ನುತ್ತಾಳೆ, ಯಾರೋ ಒಬ್ಬ ಬೈಕು ಅಂತಾನೆ, ನಾಲ್ಕು ಬೈಕು ವಾಪಸ್ ಬರುತ್ತವೆ. ಮುಷ್ಟಿಯಿಂದ ಚಾಚಿದ ಕೈಗೆ ಬರುವುದು ಇದೆಯಲ್ಲ, ಲೂಕ ಬರೆದ ಕಥೆ ಅದೇ.

ಈ ಸಾಲನ್ನು ತಾಳ ಹಾಕಿ ನೋಡಿ. ಒಂದು, ರೊಟ್ಟಿ, ಕಿತ್ತು, ಕೊಂಡೆ. ನಾಲ್ಕು, ರೊಟ್ಟಿ, ತಗೋ, ತಗೋ. ಎಲ್ಲವೂ ಮೂರು ಮಾತ್ರೆ. ಎಲ್ಲೂ ತುರುಕಬೇಕಾಗಿಲ್ಲ, ಎಲ್ಲೂ ಎಳೆಯಬೇಕಾಗಿಲ್ಲ. ರೊಟ್ಟಿಯ ಜಾಗದಲ್ಲಿ "ಕುರಿ" ಅಂತ ಹಾಕಿದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ. ಮಕ್ಕಳು ತಾವಾಗಿಯೇ "ಕುರೀ" ಅಂತ ಎಳೆದು ಸರಿ ಮಾಡಿಕೊಳ್ಳುತ್ತಾರೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನಮ್ಮ ಸಂಡೇ ಸ್ಕೂಲಿನ ಬಹಳಷ್ಟು ಹಾಡುಗಳು ಇಂಗ್ಲಿಷ್ ಧಾಟಿಗೆ ಕನ್ನಡ ಮಾತು ಜೋಡಿಸಿದಂಥವು. ಧಾಟಿ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಒಂದೇ ಸ್ವರಕ್ಕೆ ಇದ್ದ ಜಾಗದಲ್ಲಿ "ಪ್ರೀತಿಸುತ್ತಾನೆ" ಅಂತ ಐದು ಅಕ್ಷರ ಕೂರಿಸಲು ಹೋದಾಗ ಮಕ್ಕಳ ನಾಲಿಗೆ ತೊಡರುತ್ತದೆ. ಎಲ್ಲೋ ಒಂದು ಕಡೆ ಹ್ರಸ್ವ ದೀರ್ಘವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ಮಾತು ಕನ್ನಡದಂತೆ ಕೇಳಿಸುವುದೇ ಇಲ್ಲ. ಅದಕ್ಕಿಂತ ಲಾಲಿ, ಕೋಲಾಟ, ಬೀಸುವ ಪದದ ಧಾಟಿಯಲ್ಲಿ ನಾಲ್ಕು ಸಾಲು ಕಟ್ಟುವುದು ಎಷ್ಟೋ ವಾಸಿ. ಮನೆಯ ಅಜ್ಜಿಗೆ ಧಾಟಿ ಗೊತ್ತಿದ್ದರೆ ಮಗು ಮನೆಗೆ ಹೋಗಿ ಹಾಡಿದಾಗ ಅಜ್ಜಿಯೂ ದನಿ ಸೇರಿಸುತ್ತಾರೆ. ಒಂದು ಸಲ ಅಜ್ಜಿ ಸೇರಿಕೊಂಡರೆ ಆ ಹಾಡು ವಾರವಿಡೀ ನಡೆಯುತ್ತದೆ.

ಇನ್ನೆರಡು ಮಾತು. ಐದು ವರ್ಷದ ಮಗುವಿಗೆ ಆರಾಮವಾಗಿ ಎಟುಕುವುದು ಐದಾರು ಸ್ವರ ಮಾತ್ರ. ಗಂಡಸರು ತಮ್ಮ ಶ್ರುತಿಯಲ್ಲಿ ಎತ್ತಿಕೊಂಡರೆ ಮಕ್ಕಳು ಹಾಡುವುದಿಲ್ಲ, ಗುನುಗುತ್ತಾರೆ ಅಥವಾ ಕೂಗುತ್ತಾರೆ. ಇನ್ನೊಂದು, ಸ್ಪೀಕರಿನಲ್ಲಿ ಟ್ರ್ಯಾಕ್ ಹಾಕಿ ಹಾಡಿಸುವುದು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಬಾಯಲ್ಲಿ ಹಾಡಿದರೆ, ಹಿಂದೆ ಉಳಿದ ಮಗುವಿಗಾಗಿ ಟೀಚರ್ ಒಂದು ಕ್ಷಣ ನಿಲ್ಲಬಹುದು. ಹಾಡಲು ನಾಚುವ ಮಗು ಇದ್ದೇ ಇರುತ್ತದೆ. ಅದರ ಕೈಗೆ ಎರಡು ತೆಂಗಿನ ಚಿಪ್ಪು ಕೊಟ್ಟು ತಾಳ ಹಾಕಲು ಬಿಡಿ.

ಕೈಕೆಲಸ: ಕಥೆ ಎಲ್ಲಿ ತಿರುಗುತ್ತದೆ?

ಪ್ರತಿ ಕಥೆಯಲ್ಲೂ ಕಣ್ಣಿಗೆ ಹೊಡೆಯುವ ವಸ್ತು ಒಂದಿರುತ್ತದೆ, ಕಥೆ ತಿರುಗುವ ಜಾಗ ಇನ್ನೊಂದಿರುತ್ತದೆ. ಮಾರುಕಟ್ಟೆಯ ಕ್ರಾಫ್ಟ್ ಪುಸ್ತಕಗಳೆಲ್ಲ ವಸ್ತುವಿನ ಹಿಂದೆ ಹೋಗುತ್ತವೆ. ಮೀನು, ಮರ, ಸಿಂಹ, ಬಣ್ಣದ ಅಂಗಿ. ಮಾಡಲು ಸುಲಭ, ಫೋಟೊ ಚೆನ್ನಾಗಿ ಬರುತ್ತದೆ. ತಿರುಗುವ ಜಾಗವನ್ನು ಕೈಗೆ ತರುವುದು ಸ್ವಲ್ಪ ಕಷ್ಟ. ಆದರೆ ಆಗದ್ದೇನಲ್ಲ.

ಕೊಲೆಯಿಂದ ಉಳಿಸಲು ತಾಯಿ ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟ ಮಗು ಮೋಶೆಯ ಕಥೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮಾಡಿಸುವುದು ಬುಟ್ಟಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಗೊಂಬೆ. ಮುದ್ದಾಗಿರುತ್ತದೆ. ಆದರೆ ವಿಮೋಚನಕಾಂಡದ 2ನೇ ಅಧ್ಯಾಯ ಒಂದು ವಿವರ ಕೊಡುತ್ತದೆ. ಆಪಿನ (ಜೊಂಡುಹುಲ್ಲಿನ) ಬುಟ್ಟಿಗೆ ತಾಯಿ ಅಂಟು, ರಾಳ ಬಳಿಯುತ್ತಾಳೆ. ಅದನ್ನೇ ಕೈಯಲ್ಲಿ ಮಾಡಿಸಿ. ಹಳೇ ನ್ಯೂಸ್‌ಪೇಪರಿನಲ್ಲಿ ಪ್ರತಿ ಮಗುವಿಗೂ ಎರಡೆರಡು ದೋಣಿ. ಒಂದನ್ನು ಹಾಗೇ ಬಿಡುವುದು, ಇನ್ನೊಂದರ ತಳಕ್ಕೆ ಮೇಣದಬತ್ತಿ ಉಜ್ಜುವುದು. ಹಗುರವಾಗಿ ಉಜ್ಜಿದರೆ ಸಾಲದು, ಮಡಿಕೆಗಳ ಒಳಗೂ ಬಿಡದೆ ಉಜ್ಜಬೇಕು. ಆಮೇಲೆ ಅಗಲವಾದ ಬೇಸಿನ್ನಿನ ನೀರಲ್ಲಿ ಎರಡನ್ನೂ ಬಿಡುವುದು, ಒಂದೊಂದರಲ್ಲೂ ಒಂದು ಕಡಲೆಬೀಜ. ಸ್ವಲ್ಪ ಹೊತ್ತಿಗೆ ಮೇಣವಿಲ್ಲದ ದೋಣಿಯ ತಳ ಬೆಳ್ಳಗಿದ್ದದ್ದು ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಚು ಸೊರಗುತ್ತದೆ, ಒಂದು ಕಡೆ ವಾಲುತ್ತದೆ. ಮೇಣದ ದೋಣಿಯ ಮೇಲೆ ನೀರು ಮಣಿಮಣಿಯಾಗಿ ನಿಂತಿರುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಒಬ್ಬರನ್ನು ಮಿರ್ಯಾಮಳ ಹಾಗೆ ದೂರ ನಿಲ್ಲಿಸಿ, ಮಗುವಿಗೆ ಏನಾಗುತ್ತದೋ ಅಂತ ನೋಡುತ್ತಿರುವ ಕೆಲಸ ಅವಳದು. "ಅಮ್ಮ ಯಾಕೆ ಅಷ್ಟು ಹೊತ್ತು ಕೂತು ಬಳಿದಳು?" ಅಂತ ಕೇಳಿದರೆ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ.

ದಾವೀದ ಕವಣೆಕಲ್ಲಿನಿಂದ ಹೊಡೆದುರುಳಿಸಿದ ದೈತ್ಯ ಗೊಲ್ಯಾತನ ಕಥೆಗೆ ಕಾಗದದ ಕವಣೆ ಮಾಡಿಸಿದರೆ ಏನಾಗುತ್ತದೆ ಅಂತ ಯಾವ ಟೀಚರಿಗೂ ಹೇಳಬೇಕಾಗಿಲ್ಲ. ತರಗತಿ ರಣರಂಗ. ಅದರ ಬದಲು ಅಳತೆ ಮಾಡಿಸಿ. ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು. ಮೊಳ ಅಂದರೆ ನಮ್ಮ ಮಕ್ಕಳಿಗೆ ಗೊತ್ತು, ಹೂವಿನವರು ಮಲ್ಲಿಗೆ ಅಳೆಯುವುದನ್ನು ನೋಡಿರುತ್ತಾರೆ. ದೊಡ್ಡವರ ಕೈಯಲ್ಲಿ ಒಂದು ಮೊಳ ಸುಮಾರು ಒಂದೂವರೆ ಅಡಿ. ಹಾಗಾದರೆ ಗೊಲ್ಯಾತ ಒಂಬತ್ತೂವರೆ ಅಡಿಗೂ ಹೆಚ್ಚು. ಕೆಲವು ಹಳೇ ಪ್ರತಿಗಳಲ್ಲಿ ನಾಲ್ಕು ಮೊಳ ಒಂದು ಗೇಣು ಅಂತ ಇದೆ, ಆಗಲೂ ಆರೂವರೆ ಅಡಿ ದಾಟುತ್ತಾನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವನನ್ನು ಮಲಗಿಸಿ ಬರೆಯಿರಿ. ಪಕ್ಕದಲ್ಲಿ ಒಂದು ಮಗು ಮಲಗಲಿ. ಮಕ್ಕಳು ತಮ್ಮ ಕೈಯಲ್ಲೂ ಅಳೆಯುತ್ತೇವೆ ಅನ್ನುತ್ತಾರೆ, ಬಿಡಿ. ಐದು ವರ್ಷದ ಮೊಳದಲ್ಲಿ ಅಳೆದರೆ ಗೊಲ್ಯಾತ ಮಾಮೂಲಿ ಮಾಮನಷ್ಟೇ ಆಗುತ್ತಾನೆ. ಅದಕ್ಕೊಂದು ನಗು.

ಆದರೆ ಈ ಕಥೆ ತಿರುಗುವ ಜಾಗ ಗೊಲ್ಯಾತನ ಎತ್ತರವೂ ಅಲ್ಲ. ಸೌಲ ರಾಜ ತನ್ನ ಕವಚ, ಶಿರಸ್ತ್ರಾಣ ಎಲ್ಲ ದಾವೀದನಿಗೆ ತೊಡಿಸುತ್ತಾನೆ. ದಾವೀದ ನಡೆಯಲು ನೋಡುತ್ತಾನೆ, ಅಭ್ಯಾಸವಿಲ್ಲ, ಆಗುವುದಿಲ್ಲ. ಎಲ್ಲ ಕಳಚಿಟ್ಟು ತನ್ನ ಕೋಲು ಹಿಡಿದು, ಹಳ್ಳದ ಐದು ನುಣುಪು ಕಲ್ಲು ಆರಿಸಿಕೊಂಡು ಹೋಗುತ್ತಾನೆ. ಇದಕ್ಕೆ ಅಪ್ಪನ ಹಳೇ ಶರ್ಟು, ದೊಡ್ಡ ಬೂಟು, ತಲೆಗೊಂದು ಪಾತ್ರೆ ಸಾಕು. ಮಕ್ಕಳು ಒಬ್ಬೊಬ್ಬರಾಗಿ ತೊಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಲಿ. ಪಾತ್ರೆ ಕಣ್ಣಿನ ಮೇಲೆ ಜಾರುತ್ತದೆ, ಬೂಟು ಕಳಚುತ್ತದೆ. ಕಳಚಿಟ್ಟ ಮೇಲಿನ ಹಗುರ ಹೇಗಿತ್ತು ಅಂತ ಮೈಗೇ ಗೊತ್ತಾಗುತ್ತದೆ.

ಐದು ರೊಟ್ಟಿ ಎರಡು ಮೀನಿನ ಕಥೆಗೆ ಕಾಗದದ ರೊಟ್ಟಿ ಬೇಡ. ನಿಜವಾದ ಚಪಾತಿ ತನ್ನಿ. ಯೋಹಾನನ ಸುವಾರ್ತೆಯಲ್ಲಿ ಆ ಜವೆಗೋದಿ ರೊಟ್ಟಿಗಳು ಒಬ್ಬ ಹುಡುಗನವು, ಇದು ಮಕ್ಕಳಿಗೆ ಮುಖ್ಯ ವಿಷಯ. ಒಂದು ಚಪಾತಿ, ಇಪ್ಪತ್ತು ಮಕ್ಕಳು. ಮುರಿದು ಪಕ್ಕದವರಿಗೆ ದಾಟಿಸುತ್ತಾ ಹೋಗಬೇಕು. ಮೊದಲ ಮಗು ಅರ್ಧ ಕಿತ್ತುಕೊಂಡರೆ ಕೊನೆಯವರಿಗೆ ಏನೂ ಇಲ್ಲ. ಎರಡನೇ ಸುತ್ತಿಗೆ ಎಲ್ಲರೂ ತಾವಾಗಿಯೇ ಚಿಕ್ಕ ಚಿಕ್ಕ ಚೂರು ಮುರಿಯುತ್ತಾರೆ. ಸಾವಿರಾರು ಜನ ಉಂಡ ಮೇಲೂ ಹನ್ನೆರಡು ಪುಟ್ಟಿ ಉಳಿದದ್ದು ಹೇಗೆ ಅಂತ ಅವರು ಕೇಳಿದರೆ, ನಮಗೂ ಅಷ್ಟೇ ಆಶ್ಚರ್ಯ ಅಂತ ಹೇಳಿ. ವಿವರಿಸಲು ಹೋಗಬೇಡಿ.

ಕಳೆದುಹೋದ ಕುರಿಯ ಕಥೆಯನ್ನು ಇದೇ ರೀತಿ ಕೈಗೆ ಕೊಟ್ಟವರೆಂದರೆ ರೋಮಿನ ಸೋಫಿಯಾ ಕವಲೆಟ್ಟಿ. ಮರಿಯಾ ಮಾಂಟೆಸ್ಸರಿಯವರ ದಾರಿಯಲ್ಲಿ ನಡೆದು 1954ರಲ್ಲಿ ಅವರು ಜಿಯಾನ್ನಾ ಗೊಬ್ಬಿಯವರ ಜೊತೆ ಮಕ್ಕಳ ಧರ್ಮೋಪದೇಶ ತರಗತಿ ಶುರುಮಾಡಿದರು. ಅಲ್ಲಿ ಕುರುಬ, ಕುರಿ, ಹಟ್ಟಿ ಎಲ್ಲ ಚಿಕ್ಕ ಮರದ ಗೊಂಬೆಗಳು. ಟೀಚರ್ ಒಂದು ಸಲ ಕಥೆ ಹೇಳಿ ನಡೆಸಿ ತೋರಿಸುತ್ತಾರೆ, ಆಮೇಲೆ ಮಗು ತಾನೇ ಎಷ್ಟು ಹೊತ್ತು ಬೇಕಾದರೂ ನಡೆಸಬಹುದು. ನಮ್ಮಲ್ಲಿ ಮರದ ಗೊಂಬೆ ಮಾಡಿಸಲು ಚನ್ನಪಟ್ಟಣಕ್ಕೆ ಹೋಗಬೇಕಾಗಿಲ್ಲ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಸುಮಾರು ಒಂದು ಲೋಟ ನೀರು ಹಾಕಿ ನಾದಿದ ಹಿಟ್ಟಿನಲ್ಲಿ ಮಕ್ಕಳೇ ಕುರಿ ಮಾಡುತ್ತಾರೆ. ಬಿಸಿಲಿಗಿಟ್ಟರೆ ಗಟ್ಟಿಯಾಗುತ್ತವೆ. ಒಂದು ಕುರಿಯನ್ನು ಬಚ್ಚಿಡಿ. ಯಾರದ್ದು ಕಾಣೆಯಾಯಿತೋ ಆ ಮಗುವಿನ ಮುಖ ನೋಡಿ. ಉಳಿದ ಕುರಿಗಳು ಎಷ್ಟಿದ್ದರೇನು ಅಂತ ಆ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುರಿ ಸಿಗುವ ತನಕ ತರಗತಿ ಮುಂದೆ ಹೋಗುವುದಿಲ್ಲ, ಹೋಗಲೂಬಾರದು.

ಯಾವ ವಯಸ್ಸಿಗೆ ಏನು

ಮೂರು ವರ್ಷದವರು ಕತ್ತರಿಸಲಾರರು, ಹರಿದು ಅಂಟಿಸುತ್ತಾರೆ. ಮಣಿ, ಕಾಳು ಬಾಯಿಗೆ ಹೋಗುವ ವಯಸ್ಸು, ಹಾಗಾಗಿ ಅವು ಬೇಡ. ಮೇಲೆ ಹೇಳಿದ ಕಡಲೆಬೀಜದ ಜಾಗದಲ್ಲಿ ಅವರಿಗೆ ಹತ್ತಿಯ ಉಂಡೆ ಕೊಡಿ. ಐದರ ಹೊತ್ತಿಗೆ ಮೊಂಡು ಕತ್ತರಿಯಲ್ಲಿ ನೇರ ಗೆರೆ ಕತ್ತರಿಸುವುದು ಬರುತ್ತದೆ. ಏಳಕ್ಕೆ ಮಡಿಸುವುದು, ಹೆಣೆಯುವುದು. ಗರಿಗಳ ಭಾನುವಾರಕ್ಕೆ ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆಯಲು ಏಳು ವರ್ಷದವರನ್ನು ದೊಡ್ಡವರ ಪಕ್ಕ ಕೂರಿಸಬಹುದು.

ಹೆಣ್ಣು ಟೀಚರೋ ಗಂಡು ಟೀಚರೋ, ಒಂದು ಚಟ ಎಲ್ಲರಲ್ಲೂ ಇದೆ. ಮಗು ಮಾಡಿದ್ದನ್ನು ತಿದ್ದಿ ಚಂದ ಮಾಡಿಕೊಡುವುದು. ವಾಟ್ಸಾಪ್ ಗ್ರೂಪಿಗೆ ಫೋಟೊ ಹೋಗಬೇಕಲ್ಲ! ಇಪ್ಪತ್ತು ಮಕ್ಕಳ ಇಪ್ಪತ್ತು ಕುರಿಯೂ ಒಂದೇ ಥರ ಇದ್ದರೆ ಅದು ಟೀಚರ್ ಮಾಡಿದ ಕೈಕೆಲಸ, ಮಕ್ಕಳದ್ದಲ್ಲ. ಮೂರು ಕಾಲಿನ ಕುರಿ ಇರಲಿ.

ಕಷ್ಟದ ಕಥೆಗಳು

ಜಲಪ್ರಳಯದ ಕಥೆಯ ನೋಹನ ನಾವೆ ಎಲ್ಲರಿಗೂ ಇಷ್ಟ. ಗೋಡೆಯ ಮೇಲೆ ಜಿರಾಫೆ, ಆನೆ, ಕಾಮನಬಿಲ್ಲು. ಆದರೆ ಯಾವುದೋ ಒಂದು ಭಾನುವಾರ ಒಂದು ಮಗು ಕೇಳಿಯೇ ಕೇಳುತ್ತದೆ: "ಅಕ್ಕಾ, ಉಳಿದವರೆಲ್ಲ ಏನಾದರು?" ಇದಕ್ಕೆ ತಯಾರಿಲ್ಲದೆ ನಾವೆ ಕಟ್ಟಲು ಹೋಗಬಾರದು. ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕು ವರ್ಷದ ಒಳಗಿನವರಿಗೆ ಈ ಕಥೆ ಅವಸರವಿಲ್ಲ. ಆಮೇಲೆ ಹೇಳುವಾಗ ಮುಚ್ಚಿಡಬಾರದು. ಸತ್ತುಹೋದರು, ಅದು ಬೇಜಾರಿನ ವಿಷಯ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆದರೆ ಅದರ ಮೇಲೆ ಆಟ ಕಟ್ಟಬಾರದು. ಕೈಕೆಲಸಕ್ಕೆ, ನೀರು ಇಳಿಯಿತಾ ಅಂತ ನೋಡಲು ನೋಹ ಕಳಿಸಿದ ಪಾರಿವಾಳವನ್ನು ಆರಿಸಿಕೊಳ್ಳಿ. ಮೊದಲ ಸಲ ಹೋಗಿ ಕಾಲಿಡಲು ಜಾಗವಿಲ್ಲದೆ ವಾಪಸ್ ಬರುತ್ತದೆ. ಏಳು ದಿನ ಬಿಟ್ಟು ಕಳಿಸಿದರೆ ಒಂದು ಹಸಿ ಎಲೆ ಕಚ್ಚಿಕೊಂಡು ಬರುತ್ತದೆ. ಮೂರನೇ ಸಲ ಬರುವುದೇ ಇಲ್ಲ. ದಾರ ಕಟ್ಟಿದ ಕಾಗದದ ಹಕ್ಕಿಯಲ್ಲಿ ಈ ಮೂರು ಪ್ರಯಾಣ ಮಾಡಿಸಬಹುದು.

ಅಬ್ರಹಾಮ ಮಗ ಇಸಾಕನನ್ನು ಬಲಿಗೆ ಕರೆದೊಯ್ಯುವ ಕಥೆ, ಐಗುಪ್ತದ ಚೊಚ್ಚಲ ಮಕ್ಕಳ ಸಾವು, ಇವನ್ನು ಏಳರ ಒಳಗಿನವರಿಗೆ ಕೈಕೆಲಸ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಈಗಲೇ ಹೇಳಿ ಮುಗಿಸಬೇಕೆಂದು ಯಾರೂ ಗಡುವು ಕೊಟ್ಟಿಲ್ಲ.

ಇನ್ನು ಕ್ರಿಸ್‌ಮಸ್. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಬಹುಶಃ ಜಗತ್ತಿನಲ್ಲೇ ಅತಿ ಹೆಚ್ಚು ಜನ ಮಾಡುವ ಬೈಬಲ್ ಕೈಕೆಲಸ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದರು. ಈಗ ಮಂಗಳೂರಿನ ಮನೆಗಳಲ್ಲಿ ಮಣ್ಣು, ಹುಲ್ಲು, ಮೊಳಕೆ ಬಂದ ಪೈರು ಎಲ್ಲ ಸೇರಿಸಿ ಕಟ್ಟುತ್ತಾರೆ. ಆದರೆ ಸುವಾರ್ತೆ ತೆರೆದು ನೋಡಿದರೆ ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಮತ್ತಾಯನಲ್ಲಿ ಮಗು ಯೇಸುವನ್ನು ನೋಡಲು ಬಂದ ಜೋಯಿಸರು ಎಷ್ಟು ಜನ ಅಂತ ಹೇಳಿಲ್ಲ, ಮೂರು ಅನ್ನುವುದು ಮೂರು ಕಾಣಿಕೆಗಳಿಂದ ಬಂದ ಲೆಕ್ಕ. ಅವರು ಬಂದದ್ದು ಕೊಟ್ಟಿಗೆಗೆ ಅಲ್ಲ, ಮನೆಗೆ. ಕೈಕೆಲಸ ಕಥೆಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಂತ ಎತ್ತು, ಕತ್ತೆಯನ್ನು ಹೊರಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಓದಲು ಬರುವ ಮಕ್ಕಳಿಗೆ ಬೈಬಲ್ ಕೊಟ್ಟು, ಗೋದಲಿಯಲ್ಲಿರುವ ಯಾವುದೆಲ್ಲ ಇದರಲ್ಲಿಲ್ಲ ಅಂತ ಹುಡುಕಲು ಹೇಳಿ. ಎಂಟು ವರ್ಷದವರಿಗೆ ದೊಡ್ಡವರ ತಪ್ಪು ಹಿಡಿಯುವುದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಒಂದು ಗಂಟೆಯಲ್ಲಿ

ಹಾಡಿನಿಂದ ಶುರು, ಕಥೆ ಹತ್ತು ನಿಮಿಷ ಮೀರದಂತೆ, ಆಮೇಲೆ ಕೈಕೆಲಸಕ್ಕೆ ಅರ್ಧ ಗಂಟೆ, ಕೊನೆಗೆ ಮತ್ತೆ ಅದೇ ಹಾಡು. ಒಂದು ಹಾಡನ್ನು ಮೂರು ನಾಲ್ಕು ವಾರ ಬಿಡಬೇಡಿ. ಟೀಚರಿಗೆ ಬೇಜಾರಾದಾಗ ಮಕ್ಕಳಿಗೆ ಆಗತಾನೆ ಹಿಡಿತ ಸಿಕ್ಕಿರುತ್ತದೆ. ಕೈಕೆಲಸದ ಹೊತ್ತಿನಲ್ಲಿ ಟೀಚರ್ ಮಕ್ಕಳ ನಡುವೆ ಕೂರಬೇಕು. ಕೈಗೆ ಕೆಲಸ ಇದ್ದಾಗ ಮಕ್ಕಳು ಕೇಳುವ ಪ್ರಶ್ನೆಗಳು, ಸಾಲಾಗಿ ಕೂರಿಸಿ "ಯಾರಿಗೆ ಡೌಟ್ ಇದೆ?" ಅಂತ ಕೇಳಿದರೆ ಬರುವುದಿಲ್ಲ. ಗೋಂದು, ರಟ್ಟು ಹಂಚುತ್ತಾ ಓಡಾಡುತ್ತಿದ್ದರೆ ಅವು ಟೀಚರ್ ಕಿವಿಗೆ ಬೀಳುವುದೂ ಇಲ್ಲ. ಸಾಮಾನನ್ನೆಲ್ಲ ಮುಂಚೆಯೇ ತಟ್ಟೆಗಳಲ್ಲಿ ಹಾಕಿಟ್ಟರೆ ಈ ತೊಂದರೆ ಇಲ್ಲ.

ವಿ.ಬಿ.ಎಸ್.ಗೆ ಬೇರೆ ಮನೆಗಳ, ಬೇರೆ ಧರ್ಮದ ಮಕ್ಕಳೂ ಬರುತ್ತಾರೆ, ಗೆಳೆಯರ ಜೊತೆ, ರಜೆ ಕಳೆಯಲು. ಅಲ್ಲಿ ಏನು ಕಥೆ, ಯಾವ ಹಾಡು ಅಂತ ಅವರ ಅಪ್ಪ ಅಮ್ಮನಿಗೆ ಮೊದಲೇ ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಪಡೆದಿರಬೇಕು. ಪ್ರಾರ್ಥನೆಯ ಹೊತ್ತಿಗೆ ಯಾವ ಮಗುವಿಗೂ ಒತ್ತಾಯ ಇರಬಾರದು.

ಕೊನೆಯದಾಗಿ, ಮಕ್ಕಳು ಮನೆಗೆ ಒಯ್ಯುವ ವಸ್ತುವಿನ ಹಿಂದೆ ಬಾಯಿಪಾಠದ ವಾಕ್ಯ ಬರೆಯುವ ರೂಢಿ ಇದೆ. ಅದರ ಜೊತೆ ಒಂದು ಪ್ರಶ್ನೆಯನ್ನೂ ಬರೆಯಿರಿ, ಮಗು ಅದನ್ನು ಮನೆಯವರಿಗೆ ಕೇಳಲಿ. ಯೋನನ ಕಥೆಯನ್ನೇ ನೋಡಿ. ಮೀನಿನ ಹೊಟ್ಟೆಯಿಂದ ಹೊರಬಂದಲ್ಲಿಗೆ ಕಥೆ ಮುಗಿಯಿತು ಅಂತ ದೊಡ್ಡವರೂ ಅಂದುಕೊಂಡಿರುತ್ತಾರೆ. ಅದಿನ್ನೂ ಅರ್ಧ. ಯೋನ ಎಚ್ಚರಿಸಲು ಹೋದ ನಿನೆವೆ ಊರಿನ ಜನ ಬದಲಾಗುತ್ತಾರೆ, ದೇವರು ಕ್ಷಮಿಸುತ್ತಾರೆ, ಯೋನ ಊರ ಹೊರಗೆ ಮುಖ ಊದಿಸಿಕೊಂಡು ಕೂರುತ್ತಾನೆ. ಅವನಿಗೆ ನೆರಳು ಕೊಟ್ಟ ಗಿಡವನ್ನು ಒಂದು ಹುಳ ತಿಂದುಹಾಕುತ್ತದೆ. ಹಾಗಾಗಿ ಈ ಸಲ ಮೀನು ಬೇಡ, ಹಸಿರು ಕಾಗದದ ಗಿಡ ಮತ್ತು ನೂಲಿನ ಹುಳ ಮಾಡಿಸಿ. ಹಿಂದುಗಡೆ ಬರೆಯಿರಿ: "ಯೋನನಿಗೆ ಯಾಕೆ ಸಿಟ್ಟು ಬಂತು?" ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪನೋ ಅಮ್ಮನೋ ಬೈಬಲ್ ತೆಗೆಯಲೇಬೇಕಾಗುತ್ತದೆ. ಯೋನನ ಪುಸ್ತಕ ನಾಲ್ಕೇ ಅಧ್ಯಾಯ, ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು.